ಮನೆಯ ಊಟವನ್ನು ಅಧ್ಯಯನ ಮಾಡುವುದು ಹೇಗೆ: ಆಹಾರ ಮಾನವಶಾಸ್ತ್ರದ ಕ್ಷೇತ್ರಕಾರ್ಯಕ್ಕೆ ಸಮಗ್ರ ಮಾರ್ಗದರ್ಶಿ

ಒಂದು ಮನೆಯಲ್ಲಿ ಯಾರು ಏನು ತಿನ್ನುತ್ತಾರೆ ಎಂದು ಕೇಳಿದರೆ ಐದು ನಿಮಿಷದಲ್ಲಿ ಉತ್ತರ ಸಿಗುತ್ತದೆ. ಅದೇ ಮನೆಯ ಅಡುಗೆಮನೆಯ ಮೂಲೆಯಲ್ಲಿ ಮೂರು ದಿನ ಕೂತರೆ ಬೇರೆಯೇ ಉತ್ತರ ಸಿಗುತ್ತದೆ. ತಕ್ಕಡಿ ಹಿಡಿದು ಕೂತರೆ ಮೂರನೆಯದೊಂದು. ಹಾಗೆಂದು ಯಾರೂ ಸುಳ್ಳು ಹೇಳುತ್ತಿಲ್ಲ. ಊಟ ಹೇಗಿರಬೇಕು ಎಂಬುದನ್ನು ಮನೆಯವರು ಹೇಳುತ್ತಾರೆ, ಆ ದಿನ ಕೈಗೆಟುಕಿದ್ದನ್ನು ಮಾಡುತ್ತಾರೆ. ಹೇಳಿದ್ದಕ್ಕೂ ಮಾಡಿದ್ದಕ್ಕೂ ತೂಗಿದ್ದಕ್ಕೂ ನಡುವೆ ಇರುವ ಅಂತರವನ್ನು ಹಿಡಿಯುವುದೇ ಮಾನವಶಾಸ್ತ್ರಜ್ಞರ ಕೆಲಸ. ಮುಂದಿನ ಹಂತಗಳೆಲ್ಲ ಅದಕ್ಕಾಗಿಯೇ.

ಪ್ರಶ್ನೆಯನ್ನು ಚಿಕ್ಕದು ಮಾಡಿ

‘ಆಹಾರ ಸಂಸ್ಕೃತಿ’ ಎಂಬುದು ವಿಷಯ, ಪ್ರಶ್ನೆಯಲ್ಲ. ಅಷ್ಟನ್ನೇ ಹಿಡಿದು ಹೊರಟವರ ಕೈಯಲ್ಲಿ ಆರು ತಿಂಗಳ ನಂತರ ಅಡುಗೆ ಮಾಡುವ ವಿಧಾನಗಳ ಕಂತೆಯೊಂದು ಉಳಿದಿರುತ್ತದೆ, ಅಷ್ಟೆ. ಪ್ರಶ್ನೆಯೊಳಗೆ ಒಬ್ಬ ಮನುಷ್ಯ, ಒಂದು ಕೆಲಸ, ಒಂದು ಕಾಲ ಇರಬೇಕು. ‘ಸಂಬಳ ಬರುವ ಹಿಂದಿನ ವಾರ ಈ ಮನೆಯವರು ಮೊದಲು ಏನನ್ನು ಕಡಿಮೆ ಮಾಡುತ್ತಾರೆ, ಯಾರ ತಟ್ಟೆಯಿಂದ?’ ‘ಅಡುಗೆ ಮಾಡುವವರು ತಡವಾಗಿ ಬಂದ ದಿನ ಸೌಟು ಯಾರ ಕೈಗೆ ಹೋಗುತ್ತದೆ, ಯಾವ ಪದಾರ್ಥ ಬಿಟ್ಟುಹೋಗುತ್ತದೆ?’ ಇಂಥವು ಕೆಲಸಕ್ಕೆ ಬರುತ್ತವೆ.

ಪ್ರಶ್ನೆ ಸರಿಯಿದೆಯೇ ಎಂದು ನೋಡಲು ಸುಲಭದ ಪರೀಕ್ಷೆಯಿದೆ. ಉತ್ತರ ಸಿಗಬೇಕಾದರೆ ಎಲ್ಲಿ, ಎಷ್ಟು ಗಂಟೆಗೆ, ಏನನ್ನು ಕಣ್ಣಾರೆ ನೋಡಬೇಕು ಎಂದು ಮೂರು ಸಾಲು ಬರೆಯಿರಿ. ಬರೆಯಲಾಗದಿದ್ದರೆ ಪ್ರಶ್ನೆ ಇನ್ನೂ ದೊಡ್ಡದಿದೆ ಎಂದರ್ಥ.

‘ಮನೆ’ ಎಂದರೆ ಯಾವುದು?

ಬಹಳ ಅಧ್ಯಯನಗಳು ಹಳಿ ತಪ್ಪುವುದು ಇಲ್ಲೇ. ಒಂದೇ ಸೂರಿನಡಿ ಇರುವವರು, ಒಂದೇ ಒಲೆಯಲ್ಲಿ ಉಣ್ಣುವವರು, ಒಂದೇ ಗಂಟಿನಿಂದ ಖರ್ಚು ಮಾಡುವವರು, ರಕ್ತಸಂಬಂಧಿಗಳು: ಈ ನಾಲ್ಕೂ ಒಂದೇ ಗುಂಪಾಗಿರಬೇಕೆಂದೇನೂ ಇಲ್ಲ. ಊಟ ಮತ್ತು ಬದುಕಿಗೆ ಬೇಕಾದ ಇತರ ವಸ್ತುಗಳನ್ನು ಒಟ್ಟಾಗಿ ಹೊಂದಿಸಿಕೊಳ್ಳುವವರ ಗುಂಪನ್ನು ವಿಶ್ವಸಂಸ್ಥೆಯ ಜನಗಣತಿ ಮಾರ್ಗಸೂಚಿಗಳು ಒಂದು ‘ಮನೆ’ (household) ಎಂದು ಎಣಿಸುತ್ತವೆ. ಆರಂಭಕ್ಕೆ ಆ ವ್ಯಾಖ್ಯೆ ಸಾಕು, ಆದರೆ ಅಲ್ಲಿಗೇ ನಿಲ್ಲಬೇಡಿ.

ಪ್ರತಿ ಮನೆಗೂ ಒಂದು ದೊಡ್ಡ ಹಾಳೆಯಲ್ಲಿ ನಾಲ್ಕು ಕಾಲಂ ಎಳೆದು, ನಿನ್ನೆ ರಾತ್ರಿ ಇಲ್ಲಿ ಮಲಗಿದವರು, ನಿನ್ನೆ ಇಲ್ಲಿನ ಅಡುಗೆ ಉಂಡವರು, ಈ ತಿಂಗಳ ದಿನಸಿಗೆ ಹಣ ಕೊಟ್ಟವರು, ‘ನಮ್ಮ ಮನೆಯವರು’ ಎಂದು ಮನೆಯವರೇ ಹೆಸರಿಸಿದವರು ಎಂದು ಬರೆದುಕೊಳ್ಳಿ. ಎಲ್ಲ ಕಾಲಂಗಳಲ್ಲೂ ಇಲ್ಲದ ಹೆಸರುಗಳಿಗೆ ಕೆಂಪು ಗುರುತು ಹಾಕಿ. ದೂರದಲ್ಲಿದ್ದು ಹಣ ಕಳಿಸುವ ಮಗ, ಮಧ್ಯಾಹ್ನ ಮಾತ್ರ ಬಂದು ಉಣ್ಣುವ ಅತ್ತೆ, ಬಾಡಿಗೆಗೆ ಇದ್ದು ತಾನೇ ಬೇಯಿಸಿಕೊಳ್ಳುವ ಹುಡುಗ ಎಲ್ಲರೂ ಆ ಕೆಂಪು ಗುರುತಿನಲ್ಲೇ ಸಿಗುತ್ತಾರೆ. ಪಟ್ಟಿಯನ್ನು ತಿಂಗಳಿಗೊಮ್ಮೆ ಹೊಸದಾಗಿ ಬರೆಯಿರಿ. ಒಲೆ ಬೇರೆಯಾಗುವುದು, ಮತ್ತೆ ಕೂಡುವುದು ಅಧ್ಯಯನದ ನಡುವೆಯೇ ನಡೆಯಬಹುದು. ಹಳೆಯ ಪಟ್ಟಿಯನ್ನೇ ನೆಚ್ಚಿದರೆ ತಲಾ ಲೆಕ್ಕವೆಲ್ಲ ತಪ್ಪುತ್ತದೆ.

ಒಪ್ಪಿಗೆ

ಮನೆಯ ಯಜಮಾನರು ಹೂಂ ಎಂದರೆ ಮನೆಯವರೆಲ್ಲ ಒಪ್ಪಿದಂತಲ್ಲ. ಅಡುಗೆ ಮಾಡುವವರ ಒಪ್ಪಿಗೆಯನ್ನು ಬೇರೆಯಾಗಿ, ಉಳಿದವರು ಕೇಳಿಸಿಕೊಳ್ಳದ ಹೊತ್ತಿನಲ್ಲಿ ಪಡೆಯಿರಿ. ನೀವು ದಿನವಿಡೀ ಕೂರುವುದು ಅವರ ಜಾಗದಲ್ಲಿ, ಅಡ್ಡವಾಗುವುದು ಅವರ ಕೆಲಸಕ್ಕೆ. ನೋಡಲು, ತೂಗಲು, ದನಿ ಮುದ್ರಿಸಲು, ಫೋಟೋ ತೆಗೆಯಲು ಬೇರೆ ಬೇರೆಯಾಗಿ ಕೇಳಿ. ಒಂದಕ್ಕೆ ಒಪ್ಪಿ ಇನ್ನೊಂದಕ್ಕೆ ಬೇಡವೆನ್ನಲು ಅವಕಾಶವಿರಲಿ. ಮಕ್ಕಳ ವಿಷಯದಲ್ಲಿ ಹೆತ್ತವರ ಒಪ್ಪಿಗೆಯ ಜೊತೆಗೆ ಮಗುವಿನ ಇಷ್ಟವೂ ಬೇಕು.

ಒಂದು ಮಾತನ್ನು ಮೊದಲ ದಿನವೇ ಸ್ಪಷ್ಟವಾಗಿ ಹೇಳಿ: ‘ಇವತ್ತು ಬರುವುದು ಬೇಡ’ ಎಂದರೆ ಕಾರಣ ಕೇಳದೆ ವಾಪಸು ಹೋಗುತ್ತೇನೆ. ಮನೆಯಲ್ಲಿ ಏನೂ ಇಲ್ಲದ ದಿನವೇ ಈ ಮಾತು ಹೆಚ್ಚಾಗಿ ಬರುತ್ತದೆ. ಹಸಿವನ್ನು ಪರರಿಗೆ ತೋರಿಸಬೇಕಾಗಿ ಬರುವುದು ದೊಡ್ಡ ಸಂಕಟ, ಅದನ್ನು ಯಾರ ಮೇಲೂ ಹೇರಬಾರದು. ‘ಇಂದು ಬೇಡವೆಂದರು’ ಎಂದು ದಿನಾಂಕ ಹಾಕಿಡಿ, ಸಾಕು.

ಎಷ್ಟು ಮನೆ, ಎಷ್ಟು ದಿನ

ಒಬ್ಬರೇ ಸಂಶೋಧಕರಾದರೆ 12ರಿಂದ 15 ಮನೆಗಳ ಪರಿಚಯ ಇಟ್ಟುಕೊಂಡು, ಅವುಗಳಲ್ಲಿ 3 ಅಥವಾ 4 ಮನೆಗಳನ್ನು ಹತ್ತಿರದಿಂದ ನೋಡುವುದು ಆಗುವ ಮಾತು. ನಲವತ್ತು ಮನೆ ಹಿಡಿದರೆ ಎಲ್ಲೂ ಎರಡನೆಯ ಸಲ ಹೋಗಲಾಗದು. ಮೊದಲ ಭೇಟಿಯಲ್ಲಂತೂ ಎಲ್ಲ ಮನೆಯಲ್ಲೂ ಅತಿಥಿಯ ಊಟವೇ ಸಿಗುತ್ತದೆ. ಮನೆಗಳನ್ನು ಆರಿಸುವಾಗ ಆದಾಯದ ವ್ಯತ್ಯಾಸ ಒಂದನ್ನೇ ನೋಡದೆ ಅಡುಗೆ ಮಾಡುವ ಕೈಗಳ ಸಂಖ್ಯೆ, ಪುಟ್ಟ ಮಕ್ಕಳು, ಹಾಸಿಗೆ ಹಿಡಿದ ಹಿರಿಯರು, ಒಬ್ಬರೇ ಇರುವವರು ಎಲ್ಲವನ್ನೂ ಗಮನಿಸಿ.

ವರ್ಷ ಪೂರ್ತಿ ಇರುವುದು ಎಲ್ಲಕ್ಕಿಂತ ಒಳ್ಳೆಯದು. ಬೆಳೆ, ಕೆಲಸ, ಉಪವಾಸ, ಹಬ್ಬ, ಕೊರತೆಯ ತಿಂಗಳು ಎಲ್ಲ ಒಂದು ಸುತ್ತು ಬರುತ್ತವೆ. ಅದಾಗದಿದ್ದರೆ ಸಮೃದ್ಧಿಯ ಕಾಲ, ಕೊರತೆಯ ಕಾಲ, ಸಾಧಾರಣ ಕಾಲ ಎಂದು ಮೂರು ಸಲ ಹೋಗಿ ಪ್ರತಿ ಸಲವೂ ಸತತ ಏಳು ದಿನ ನಿಲ್ಲಿ. ಏಳು ದಿನವೇ ಯಾಕೆಂದರೆ ಸಂತೆ, ರಜೆ, ಕೂಲಿ ಸಿಗುವ ದಿನಗಳೆಲ್ಲ ವಾರದ ಲೆಕ್ಕದಲ್ಲಿ ಓಡುತ್ತವೆ. ಮೂರು ದಿನ ನೋಡಿದರೆ ಅವುಗಳಲ್ಲಿ ಯಾವುದೋ ಒಂದು ತಪ್ಪಿಹೋಗಿರುತ್ತದೆ.

ಜೊತೆಗೆ ಬೇಕಾದ ಸಾಮಾನು

- 5 ಕಿಲೋವರೆಗೆ 1 ಗ್ರಾಂ ನಿಖರತೆಯಲ್ಲಿ ತೂಗುವ, ಪಾತ್ರೆಯ ತೂಕ ಕಳೆದು ಸೊನ್ನೆಗೆ ತರುವ ಗುಂಡಿಯಿರುವ ಎಲೆಕ್ಟ್ರಾನಿಕ್ ತಕ್ಕಡಿ, ಹೆಚ್ಚುವರಿ ಬ್ಯಾಟರಿ
- ದೊಡ್ಡ ಪಾತ್ರೆ, ಚೀಲ ತೂಗಲು ಕೊಕ್ಕೆಯ ತಕ್ಕಡಿ
- 1 ಲೀಟರ್ ಅಳತೆಯ ಜಾಡಿ
- ಜೇಬಿಗೆ ಹೋಗುವ ಪುಸ್ತಕ, ದೊಡ್ಡ ದಿನಚರಿ, ಪೆನ್ಸಿಲ್ (ಒದ್ದೆ ಕೈಯಲ್ಲಿ ಪೆನ್ನಿನ ಶಾಯಿ ಕದಡುತ್ತದೆ)

ದಿನವೂ ಬೆಳಿಗ್ಗೆ ತಕ್ಕಡಿಯನ್ನು ಪರೀಕ್ಷಿಸಿ. ಜಾಡಿಯನ್ನಿಟ್ಟು ಸೊನ್ನೆ ಮಾಡಿ 1 ಲೀಟರ್ ನೀರು ಹಾಕಿದರೆ 1 ಕಿಲೋದ ಆಸುಪಾಸು ಬರಬೇಕು. ನೆಲ ಸಮತಟ್ಟಿಲ್ಲದಿದ್ದರೆ ಅಂಕಿ ಓಲಾಡುತ್ತದೆ, ಅಡಿಗೊಂದು ಹಲಗೆ ಇಡಿ.

ಮೊದಲ ವಾರ ತೂಗಬೇಡಿ

ತಕ್ಕಡಿ ಚೀಲದಲ್ಲೇ ಇರಲಿ. ಈ ವಾರ ನೀವು ತರಕಾರಿ ಹೆಚ್ಚಬಹುದು, ನೀರು ತರಬಹುದು, ಮಗುವನ್ನು ಎತ್ತಿಕೊಳ್ಳಬಹುದು. ಕೈ ಕೆಲಸದಲ್ಲಿದ್ದಾಗ ಮಾತು ತಾನಾಗಿ ಬರುತ್ತದೆ. ಈ ದಿನಗಳಲ್ಲಿ ಅಡುಗೆಮನೆಯ ನಕ್ಷೆ ಬರೆಯಿರಿ. ಒಲೆ, ನೀರು, ಬೆಳಕು, ಬಾಗಿಲು ಎಲ್ಲಿವೆ? ಯಾವ ಡಬ್ಬ ಎಲ್ಲರ ಕೈಗೂ ಎಟುಕುತ್ತದೆ, ಯಾವುದು ಎತ್ತರದಲ್ಲಿದೆ, ಯಾವುದಕ್ಕೆ ಬೀಗವಿದೆ, ಬೀಗದ ಕೈ ಯಾರ ಹತ್ತಿರ? ಒಳಗೆ ಬರುವವರು ಯಾರು, ಹೊಸ್ತಿಲಲ್ಲೇ ನಿಲ್ಲುವವರು ಯಾರು? ಮನೆಯ ಅಧಿಕಾರ ಯಾರ ಕೈಯಲ್ಲಿದೆ ಎಂಬುದಕ್ಕೆ ಡಬ್ಬಗಳ ಎತ್ತರದಷ್ಟು ನೇರವಾದ ಸುಳಿವು ಸಂದರ್ಶನದಲ್ಲಿ ಸಿಗುವುದು ಕಷ್ಟ.

ಒಂದು ಪೂರ್ತಿ ದಿನದ ಅವಲೋಕನ

ಒಲೆ ಹಚ್ಚುವ ಮೊದಲೇ ಹೋಗಿ, ಕೊನೆಯ ಪಾತ್ರೆ ತೊಳೆದ ಮೇಲೆ ಹೊರಡಿ. ನಡುವೆ ‘ಏನೂ ನಡೆಯದ’ ಹೊತ್ತಿನಲ್ಲಿ ಎದ್ದು ಹೋಗುವುದೇ ಹೊಸಬರು ಹೆಚ್ಚಾಗಿ ಮಾಡುವ ತಪ್ಪು. ಪಕ್ಕದ ಮನೆಗೆ ಮುಚ್ಚಿದ ಬಟ್ಟಲು ಹೋಗುವುದು, ಶಾಲೆಯಿಂದ ಬಂದ ಮಗು ಡಬ್ಬಕ್ಕೆ ಕೈಹಾಕುವುದು, ಅಡುಗೆಯವರು ನಿಂತಲ್ಲೇ ಏನೋ ಬಾಯಿಗೆ ಹಾಕಿಕೊಳ್ಳುವುದು ಎಲ್ಲ ಆಗಲೇ.

ಜೇಬಿನ ಪುಸ್ತಕದಲ್ಲಿ ಗಂಟೆ, ಯಾರು, ಏನು ಮಾಡಿದರು, ಯಾವ ಪದಾರ್ಥ, ಎಲ್ಲಿಂದ ಎಲ್ಲಿಗೆ, ಆಡಿದ ಮಾತು ಎಂದು ಆರು ಕಾಲಂ ಇರಲಿ. ಮಾತನ್ನು ಅವರದೇ ಪದಗಳಲ್ಲಿ ಬರೆಯಿರಿ. ‘ಅಜ್ಜಿ ಊಟ ನಿರಾಕರಿಸಿದರು’ ಎಂದು ಬರೆದರೆ ಅದು ನಿಮ್ಮ ತೀರ್ಮಾನ. ‘ನಂಗೆ ಹಸಿವಿಲ್ಲ, ಹುಡುಗ್ರಿಗೆ ಹಾಕು’ ಎಂದು ಬರೆದುಕೊಂಡರೆ ನಾಳೆ ಅದರ ಮೇಲೆ ಯೋಚಿಸಬಹುದು.

ಬಡಿಸುವ ಹೊತ್ತಿಗೆ ಉಳಿದದ್ದನ್ನೆಲ್ಲ ಬಿಟ್ಟು ಸೌಟಿನ ಮೇಲೆ ಕಣ್ಣಿಡಿ. ಸೌಟು ಪಾತ್ರೆಯ ಮೇಲ್ಭಾಗದಿಂದ ಬಂತೋ, ತಳದಿಂದ ಗಟ್ಟಿಯಾದದ್ದನ್ನು ಎತ್ತಿತೋ? ಎರಡನೆಯ ಸಲ ಕೇಳಿದ ಮೇಲೆ ಹಾಕಿದರೋ, ಕೇಳದೆ ಹಾಕಿದರೋ? ‘ಸಾಕು’ ಎಂದಾಗ ಕೈ ನಿಂತಿತೋ, ಇನ್ನರ್ಧ ಸೌಟು ಬಿತ್ತೋ? ಬಡಿಸುವವರ ನೋಟ ತಟ್ಟೆಯ ಮೇಲಿತ್ತೋ, ಪಾತ್ರೆಯಲ್ಲಿ ಉಳಿದಿರುವುದರ ಮೇಲಿತ್ತೋ? ಎಲ್ಲರ ತಟ್ಟೆಗೂ ಎರಡೇ ಸೌಟು ಬಿದ್ದರೂ ಒಬ್ಬರಿಗೆ ಬೇಳೆ, ಇನ್ನೊಬ್ಬರಿಗೆ ಬೇಳೆಯ ನೀರು ಬಿದ್ದಿರಬಹುದು. ತಕ್ಕಡಿಗೆ ಈ ವ್ಯತ್ಯಾಸ ಗೊತ್ತಾಗದು. ಅದನ್ನು ಕಣ್ಣೇ ಹಿಡಿಯಬೇಕು.

ತೂಗುವ ಕ್ರಮ

ಎರಡನೆಯ ವಾರದಿಂದ, ಮನೆಗೆ ಕನಿಷ್ಠ ಮೂರು ದಿನ ತೂಗಿ. ಮೊದಲ ದಿನದ ಅಂಕಿಗಳನ್ನು ಲೆಕ್ಕದಿಂದ ಬೇರೆ ಇಡುವುದು ಒಳ್ಳೆಯದು. ತಕ್ಕಡಿ ಕಂಡ ದಿನ ಎಲ್ಲ ಮನೆಗಳಲ್ಲೂ ಬಡಿಸುವ ಕೈ ಬದಲಾಗುತ್ತದೆ.

1. ಖಾಲಿ ಪಾತ್ರೆಗಳನ್ನೆಲ್ಲ ಮೊದಲೇ ತೂಗಿ ಪಟ್ಟಿ ಮಾಡಿ. ಅಡುಗೆಯ ನಡುವೆ ಪಾತ್ರೆ ಖಾಲಿ ಮಾಡಿಕೊಡಿ ಎನ್ನಲಾಗದು.
2. ಹಸಿ ಪದಾರ್ಥವನ್ನು ಸಿಪ್ಪೆ, ನಾರು, ಬೀಜ ತೆಗೆದ ನಂತರ ತೂಗಿ.
3. ಎಣ್ಣೆಯನ್ನು ಚಮಚದಲ್ಲಿ ಅಳೆಯಲು ಹೋಗಬೇಡಿ. ಸೀಸೆಯನ್ನೇ ಮೊದಲೂ ಕೊನೆಗೂ ತೂಗಿ. 742 ಗ್ರಾಂ ಇದ್ದದ್ದು 708 ಆಗಿದ್ದರೆ 34 ಗ್ರಾಂ ಖರ್ಚಾಗಿದೆ. ಉಪ್ಪು, ಸಕ್ಕರೆಗೂ ಇದೇ ಕ್ರಮ.
4. ಬೆಂದ ಮೇಲೆ ಪಾತ್ರೆ ಸಮೇತ ತೂಗಿ ಪಾತ್ರೆಯ ತೂಕ ಕಳೆಯಿರಿ.
5. ತಟ್ಟೆಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಒಂದೊಂದು ಪದಾರ್ಥ ಬಿದ್ದಂತೆ ಅಂಕಿ ಬರೆಯಿರಿ.
6. ಊಟವಾದ ಮೇಲೆ ತಟ್ಟೆಯಲ್ಲಿ ಉಳಿದದ್ದು, ಪಾತ್ರೆಯಲ್ಲಿ ಉಳಿದದ್ದು ಎರಡನ್ನೂ ತೂಗಿ.

ಲೆಕ್ಕ ಹೀಗೆ. 600 ಗ್ರಾಂ ಅಕ್ಕಿ ಬೆಂದು 1,650 ಗ್ರಾಂ ಅನ್ನವಾಯಿತು ಎನ್ನಿ. 1,650ನ್ನು 600ರಿಂದ ಭಾಗಿಸಿದರೆ 2.75. ಆ ದಿನ, ಆ ಪಾತ್ರೆಗೆ ಅದೇ ಅನುಪಾತ, ನಾಳೆ ನೀರು ಹೆಚ್ಚಾದರೆ ಅದೂ ಬದಲಾಗುತ್ತದೆ. ಐವರಿಗೆ ಬಡಿಸಿದ್ದು 480, 410, 300, 220, 160 ಗ್ರಾಂ. ಕೂಡಿದರೆ 1,570. ಪಾತ್ರೆಯಲ್ಲಿ 80 ಉಳಿದಿರಬೇಕು. ಉಳಿದಿದ್ದರೆ ತೂಕ ಸರಿ. 220 ಬಡಿಸಿಕೊಂಡ ಮಗು 40 ಬಿಟ್ಟರೆ ತಿಂದದ್ದು 180, ಅಂದರೆ ಅಕ್ಕಿಯ ಲೆಕ್ಕದಲ್ಲಿ ಸುಮಾರು 65 ಗ್ರಾಂ. ಕೊನೆಗೆ ಕೂತ ಅಡುಗೆಯವರ ಪಾಲು 160, ಅಂದರೆ 58 ಗ್ರಾಂ.

ಇಲ್ಲಿಗೆ ಪುಸ್ತಕ ಮುಚ್ಚಿದರೆ ‘ಅಡುಗೆಯವರಿಗೆ ಎಲ್ಲರಿಗಿಂತ ಕಡಿಮೆ’ ಎಂಬ ವಾಕ್ಯ ಸಿದ್ಧವಾಗಿಬಿಡುತ್ತದೆ. ಇನ್ನೊಂದು ಗಂಟೆ ಕೂತರೆ ಪಾತ್ರೆಯಲ್ಲಿ ಉಳಿದ 80 ಗ್ರಾಂ ಅವರೇ ಉಂಡದ್ದು ಕಾಣಬಹುದು. ಆಗ ಒಟ್ಟು 240, ಅಕ್ಕಿಯ ಲೆಕ್ಕದಲ್ಲಿ 87 ಗ್ರಾಂ. ಅಥವಾ ಆ 80 ನಾಯಿಗೋ ನಾಳೆಯ ತಂಗಳಿಗೋ ಹೋಗಬಹುದು. ಉಳಿಕೆ ಎಲ್ಲಿಗೆ ಹೋಯಿತು ಎಂದು ತಿಳಿಯುವವರೆಗೂ ಪಾಲಿನ ಬಗ್ಗೆ ಒಂದು ವಾಕ್ಯವನ್ನೂ ಬರೆಯಬೇಡಿ.

ಒಂದೇ ತಟ್ಟೆಯಲ್ಲಿ ಹಲವರು ಉಣ್ಣುವ ಕಡೆ ಒಬ್ಬೊಬ್ಬರ ತೂಕ ಸಿಗದು. ಅಂಥಲ್ಲಿ ತಟ್ಟೆಯ ಒಟ್ಟು ತೂಕ ಬರೆದುಕೊಂಡು, ಯಾರು ಯಾವಾಗ ಕೂತರು, ಯಾವಾಗ ಎದ್ದರು, ಎಷ್ಟು ತುತ್ತು ತೆಗೆದರು ಎಂದು ಎಣಿಸಿ. ಅಂದಾಜನ್ನು ಅಂದಾಜೆಂದೇ ಗುರುತಿಸಿ.

ನಿನ್ನೆ ಏನು ತಿಂದಿರಿ?

ಎಲ್ಲ ಮನೆಯಲ್ಲೂ ತೂಗಲಾಗದು. ಉಳಿದ ಮನೆಗಳಿಗೆ 24 ಗಂಟೆಯ ನೆನಪಿನ ವಿಧಾನ ಬಳಸಿ. ಒಂದೇ ಉಸಿರಿಗೆ ಕೇಳಿದರೆ ಅರ್ಧ ಮರೆತುಹೋಗುತ್ತದೆ. ಐದು ಸುತ್ತಿನಲ್ಲಿ ಕೇಳಿ: ಮೊದಲು ಅವರು ಹೇಳಿದ್ದಷ್ಟನ್ನೂ ತಡೆಯದೆ ಬರೆದುಕೊಳ್ಳಿ. ಆಮೇಲೆ ಸಾಮಾನ್ಯವಾಗಿ ಮರೆಯುವಂಥವು, ಅಂದರೆ ಪಾನೀಯ, ಹಣ್ಣು, ಸಿಹಿ, ಕುರುಕಲು, ರುಚಿ ನೋಡಿದ್ದು. ಮೂರನೆಯದು ಹೊತ್ತು ಮತ್ತು ಸಂದರ್ಭ, ನಾಲ್ಕನೆಯದು ಪ್ರಮಾಣ ಮತ್ತು ಮಾಡಿದ ಬಗೆ. ಪ್ರಮಾಣಕ್ಕೆ ಅವರದೇ ಬಟ್ಟಲು, ಲೋಟ ತರಿಸಿ ನೀರು ತುಂಬಿಸಿ ಅಳೆಯಿರಿ. ಕೊನೆಯ ಸುತ್ತಿನಲ್ಲಿ ಪಟ್ಟಿಯನ್ನು ಓದಿಹೇಳಿ ‘ಇನ್ನೇನಾದರೂ?’ ಎಂದು ಕೇಳಿ. ಒಬ್ಬರಿಗೆ ಕನಿಷ್ಠ ಎರಡು ಸಲ, ಒಂದರ ಹಿಂದೊಂದು ಬರದ ದಿನಗಳಲ್ಲಿ ಕೇಳಬೇಕು. ಒಬ್ಬರ ಊಟವನ್ನು ಇನ್ನೊಬ್ಬರ ಬಾಯಿಂದ ಕೇಳಬೇಡಿ.

ಕೇಳುವ ಕ್ರಿಯಾಪದವೂ ಮುಖ್ಯ. ‘ಏನು ಊಟ ಮಾಡಿದಿರಿ’ ಎಂದರೆ ತಿಂಡಿ ಬಿಟ್ಟುಹೋಗುತ್ತದೆ, ‘ಏನು ತಿಂದಿರಿ’ ಎಂದರೆ ಕುಡಿದದ್ದು ಬಿಟ್ಟುಹೋಗುತ್ತದೆ. ಎಲ್ಲ ಭಾಷೆಗಳಲ್ಲೂ ಇಂಥ ಗಡಿಗಳಿವೆ. 1930ರ ದಶಕದಲ್ಲಿ ಇಂದಿನ ಜಾಂಬಿಯಾದ ಬೆಂಬಾ ಜನರ ನಡುವೆ ಕೆಲಸ ಮಾಡಿದ ಮಾನವಶಾಸ್ತ್ರಜ್ಞೆ ಆಡ್ರಿ ರಿಚರ್ಡ್ಸ್ ಇದನ್ನು ಚೆನ್ನಾಗಿ ದಾಖಲಿಸಿದ್ದಾರೆ. ಅಲ್ಲಿ ರಾಗಿಯ ಗಟ್ಟಿ ಅಂಬಲಿ ‘ಉಬ್ವಾಲಿ’ ಇದ್ದರೆ ಮಾತ್ರ ಊಟ. ಕಣ್ಣೆದುರೇ ನಾಲ್ಕೈದು ಸುಟ್ಟ ಮೆಕ್ಕೆಜೋಳದ ತೆನೆ ತಿಂದವರು ಆಮೇಲೆ ದಿನವಿಡೀ ಏನೂ ತಿಂದಿಲ್ಲ ಎನ್ನುತ್ತಿದ್ದರು. ಪೋಷಣೆಯ ಲೆಕ್ಕಕ್ಕೆ ಆ ತೆನೆಗಳೂ ಬೇಕು, ಸಂಸ್ಕೃತಿಯ ಅರ್ಥಕ್ಕೆ ಆ ‘ಏನೂ ಇಲ್ಲ’ವೂ ಬೇಕು. ಎರಡನ್ನೂ ಬರೆಯಿರಿ. ರಿಚರ್ಡ್ಸ್ ಮನೆಗಳ ಆಹಾರವನ್ನು ತೂಗಿದರು, ಹಳ್ಳಿಯ ಕೆಲಸದ ದಿನಚರಿ ಇಟ್ಟರು, ಆಹಾರದ ವಿಶ್ಲೇಷಣೆಗೆ ಪೋಷಣಾ ತಜ್ಞೆ ಎಲ್ಸಿ ವಿಡೋಸನ್ ಅವರ ಜೊತೆ ಸೇರಿದರು. ಪೋಷಣಾ ತಜ್ಞರೊಬ್ಬರನ್ನು ಆರಂಭದಲ್ಲೇ ಜೊತೆಗಿಟ್ಟುಕೊಳ್ಳುವುದು ಈಗಲೂ ಒಳ್ಳೆಯ ದಾರಿ.

ಆಹಾರದ ವೈವಿಧ್ಯವನ್ನಷ್ಟೇ ಬೇಗ ನೋಡಬೇಕಿದ್ದರೆ 15ರಿಂದ 49 ವಯಸ್ಸಿನ ಮಹಿಳೆಯರಿಗಾಗಿ ರೂಪಿಸಿದ 10 ಆಹಾರ ಗುಂಪುಗಳ ಸೂಚ್ಯಂಕವಿದೆ. ಹಿಂದಿನ ದಿನ ಐದು ಅಥವಾ ಹೆಚ್ಚು ಗುಂಪಿನ ಆಹಾರ ತಿಂದಿದ್ದವರನ್ನು ಅದು ಎಣಿಸುತ್ತದೆ. ಇದು ಗುಂಪಿನ ಸ್ಥಿತಿ ತಿಳಿಯಲು ಇರುವ ಅಳತೆ. ಒಬ್ಬ ಮಹಿಳೆಯನ್ನು ತೋರಿಸಿ ‘ಇವರ ಆಹಾರ ಸಾಲದು’ ಎನ್ನಲು ಅದನ್ನು ಬಳಸುವುದು ತಪ್ಪು.

ಪದಗಳ ಮೂಲಕ ಒಳಗೆ ಹೋಗುವುದು

20ರಿಂದ 30 ಜನರಿಗೆ, ಒಬ್ಬೊಬ್ಬರಿಗೇ, ‘ಬಾಣಂತಿಗೆ ಕೊಡುವ ಆಹಾರಗಳನ್ನೆಲ್ಲ ಹೇಳಿ’ ಎನ್ನುವಂಥ ಒಂದು ಪ್ರಶ್ನೆ ಕೇಳಿ ಹೇಳಿದ ಕ್ರಮದಲ್ಲೇ ಬರೆಯಿರಿ. ಬಹಳ ಜನ, ಬೇಗ ಹೇಳಿದ ಪದಾರ್ಥಗಳು ಆ ಸಮುದಾಯದ ಮನಸ್ಸಿನಲ್ಲಿ ಮೇಲಿವೆ. ನಂತರ ಅವನ್ನು ಒಂದೊಂದು ಚೀಟಿಯಲ್ಲಿ ಬರೆದು, ಓದಲಾಗದವರಿಗೆ ಚಿತ್ರ ಹಾಕಿ, ‘ಒಟ್ಟಿಗೆ ಹೋಗುವಂಥವನ್ನು ಗುಂಪು ಮಾಡಿ’ ಎನ್ನಿ. ಗುಂಪಿಗಿಂತ ಗುಂಪು ಮಾಡುವಾಗ ಕೊಡುವ ಕಾರಣ ಮುಖ್ಯ, ದನಿ ಮುದ್ರಿಸಿಕೊಳ್ಳಿ. ಅಡುಗೆಯ ವಿಧಾನವನ್ನು ಮಾತಿನಲ್ಲಿ ಕೇಳುವ ಬದಲು ‘ಮಾಡಿ ತೋರಿಸಿ’ ಎನ್ನಿ. ಕೈಗೆ ಗೊತ್ತಿರುವ ಬಹಳ ಸಂಗತಿ ಬಾಯಿಗೆ ಬರುವುದೇ ಇಲ್ಲ.

‘ಯಾಕೆ?’ ಎಂಬ ಪ್ರಶ್ನೆಯನ್ನು ತಡವಾಗಿ ಕೇಳಿ. ಆರಂಭದಲ್ಲೇ ಕೇಳಿದರೆ ಆ ಕ್ಷಣಕ್ಕೆ ಹೊಳೆದ ಕಾರಣ ಸಿಗುತ್ತದೆ. ‘ಹೀಗೆ ಮಾಡದಿದ್ದರೆ ಏನಾಗುತ್ತದೆ?’, ‘ಹೀಗೆ ಮಾಡದವರನ್ನು ನೋಡಿದ್ದೀರಾ?’ ಎಂದರೆ ಘಟನೆಗಳು ಹೊರಬರುತ್ತವೆ.

ಹಣ, ದುಡಿಮೆ, ಬಂದುಹೋಗುವ ಬಟ್ಟಲುಗಳು

ಪ್ರತಿ ಪದಾರ್ಥದ ಎದುರು ಅದು ಬಂದ ದಾರಿ ಬರೆಯಿರಿ: ಕೊಂಡದ್ದು, ಬೆಳೆದದ್ದು, ಸಾಲ, ಕೂಲಿಯಾಗಿ ಬಂದದ್ದು, ಯಾರೋ ಕೊಟ್ಟದ್ದು. ಕೊಟ್ಟು ತೆಗೆದುಕೊಳ್ಳುವುದಕ್ಕೆ ಬೇರೆಯೇ ಒಂದು ಪುಸ್ತಕ ಇಡಿ. ಬಟ್ಟಲು ಯಾವ ಮನೆಯಿಂದ ಬಂತು, ಎಷ್ಟು ದಿನಕ್ಕೆ ಹಿಂದಿರುಗಿತು, ಖಾಲಿ ಹೋಯಿತೋ ತುಂಬಿ ಹೋಯಿತೋ. ಮೂರು ತಿಂಗಳಲ್ಲಿ ಆ ಪುಸ್ತಕದಿಂದ ಯಾರು ಯಾರಿಗೆ ಹತ್ತಿರ ಎಂಬ ನಕ್ಷೆಯೇ ಎದ್ದುಬರುತ್ತದೆ. ದುಡಿಮೆಗೆ 15 ನಿಮಿಷಕ್ಕೊಮ್ಮೆ ಯಾರು ಏನು ಮಾಡುತ್ತಿದ್ದರು ಎಂದು ಗುರುತು ಹಾಕಿ. ಮಗು ನೋಡಿಕೊಳ್ಳುತ್ತಾ ಬೇಳೆ ಆರಿಸುವಂಥ ಎರಡು ಕೆಲಸ ಒಟ್ಟಿಗಿದ್ದರೆ ಎರಡನ್ನೂ ಬರೆಯಿರಿ. ಒಂದನ್ನೇ ಬರೆದರೆ ಅಡುಗೆಯವರ ದುಡಿಮೆಯ ದೊಡ್ಡ ಪಾಲು ದಾಖಲೆಯಿಂದ ಮಾಯವಾಗುತ್ತದೆ.

ಟಿಪ್ಪಣಿ

ಜೇಬಿನ ಪುಸ್ತಕದ ತುಣುಕುಗಳನ್ನು ಅದೇ ರಾತ್ರಿ ಪೂರ್ಣ ವಾಕ್ಯಗಳಿಗೆ ಇಳಿಸಿ. ಒಂದು ದಿನದ ಅವಲೋಕನಕ್ಕೆ ಎರಡು ಮೂರು ಗಂಟೆಯ ಬರವಣಿಗೆ ಬೇಕು. ಹಾಗಾಗಿ ಸತತ ಎರಡು ಪೂರ್ಣ ದಿನ ಇಟ್ಟುಕೊಳ್ಳದಿರುವುದೇ ಲೇಸು, ಸತತ ಏಳು ದಿನದ ಭೇಟಿಯಲ್ಲಿ ದಿನಬಿಟ್ಟು ದಿನ ಅರ್ಧ ದಿನ ಮಾತ್ರ ಕೂರಬಹುದು. ಕಂಡದ್ದು, ಕೇಳಿದ್ದು, ನಿಮಗನಿಸಿದ್ದು ಮೂರನ್ನೂ ಮೂರು ಬಣ್ಣದಲ್ಲಿ ಬರೆಯಿರಿ. ಆರು ತಿಂಗಳ ನಂತರ ಯಾವುದು ಯಾವುದೆಂದು ನಿಮಗೂ ನೆನಪಿರುವುದಿಲ್ಲ.

ಪ್ರತಿಗಳನ್ನು ಬೇರೆ ಬೇರೆ ಜಾಗದಲ್ಲಿ ಇಡಿ. ಮಾನವಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು ವರ್ಷಗಟ್ಟಲೆ ಸಂಸ್ಕರಿಸಿದ್ದ ಕ್ಷೇತ್ರ ಟಿಪ್ಪಣಿಗಳ ಮೂರೂ ಪ್ರತಿಗಳು 1970ರಲ್ಲಿ ಸ್ಟ್ಯಾನ್‌ಫರ್ಡ್‌ನ ಅವರ ಅಧ್ಯಯನ ಕೊಠಡಿಯಲ್ಲಿ ಬೆಂಕಿಗೆ ಸಿಕ್ಕವು. ಪ್ರತಿ ಮೂರಿದ್ದವು, ಜಾಗ ಒಂದೇ ಆಗಿತ್ತು. ಹೆಸರುಗಳ ಬದಲು ಸಂಕೇತ ಬಳಸಿ, ಸಂಕೇತದ ಕೀಲಿಯನ್ನು ಟಿಪ್ಪಣಿಗಳ ಜೊತೆ ಇಡಬೇಡಿ.

ವಿಶ್ಲೇಷಣೆ ಮತ್ತು ಹಿಂದಿರುಗಿಸುವುದು

ಗೋಡೆಯ ಮೇಲೊಂದು ದೊಡ್ಡ ಹಾಳೆ ಅಂಟಿಸಿ. ಅಡ್ಡಕ್ಕೆ ಮನೆಗಳು, ಉದ್ದಕ್ಕೆ ವಿಷಯಗಳು, ಪ್ರತಿ ಚೌಕದಲ್ಲಿ ‘ಹೇಳಿದ್ದು, ಕಂಡದ್ದು, ತೂಗಿದ್ದು’ ಎಂದು ಮೂರು ಸಾಲು. ಮೂರೂ ಒಂದೇ ಇರುವ ಕಡೆ ಬೇಗ ಮುಂದೆ ಹೋಗಿ. ಒಡೆದಿರುವ ಕಡೆ ನಿಲ್ಲಿ. ‘ಎಲ್ಲರಿಗೂ ಸಮ’ ಎಂದ ಮನೆಯಲ್ಲಿ ಪಾಲು ಅಸಮವಾಗಿದ್ದರೆ, ‘ಸಮ’ ಎಂಬುದಕ್ಕೆ ಅಲ್ಲಿ ದುಡಿಮೆಗೆ ತಕ್ಕಷ್ಟು ಎಂಬ ಅರ್ಥವಿದೆಯೇ, ಹಸಿವಿಗೆ ತಕ್ಕಷ್ಟು ಎಂದೇ, ವಯಸ್ಸಿಗೆ ತಕ್ಕಷ್ಟು ಎಂದೇ ಎಂದು ಟಿಪ್ಪಣಿಯಲ್ಲಿ ಹುಡುಕಿ. ಸಿಗದಿದ್ದರೆ ಮತ್ತೆ ಹೋಗಿ ಕೇಳಿ. ಒಂದು ಮನೆಯಲ್ಲಿ ಕಂಡದ್ದನ್ನು ಇಡೀ ಸಮುದಾಯದ ಪದ್ಧತಿಯೆಂದು ಬರೆಯುವ ಆಸೆಯನ್ನು ಇಲ್ಲಿ ಬಿಗಿಹಿಡಿಯಬೇಕು. ಎಷ್ಟು ಮನೆಯಲ್ಲಿ ಕಂಡಿತು, ಎಷ್ಟರಲ್ಲಿ ಕಾಣಲಿಲ್ಲ ಎಂಬ ಎರಡೂ ಅಂಕಿ ಪ್ರತಿ ವಾಕ್ಯದ ಹಿಂದೆ ಇರಲಿ.

ಪ್ರಕಟಿಸುವ ಮೊದಲು ಆಯಾ ಮನೆಯ ಭಾಗವನ್ನು ಅವರಿಗೆ ಅವರ ಭಾಷೆಯಲ್ಲಿ ಓದಿಹೇಳಿ, ಮೊದಲು ಅಡುಗೆ ಮಾಡುವವರಿಗೆ, ಒಬ್ಬರೇ ಇರುವಾಗ. ಚಿಕ್ಕ ಊರಿನಲ್ಲಿ ಹೆಸರು ಬದಲಿಸಿದರೆ ಸಾಲದು. ‘ಮೂರು ಹೆಣ್ಣುಮಕ್ಕಳಿರುವ, ಹಾಲು ಮಾರುವ ಮನೆ’ ಎಂದರೆ ಎಲ್ಲರಿಗೂ ಗುರುತು ಸಿಗುತ್ತದೆ. ಅಂಥ ವಿವರ ವಾದಕ್ಕೆ ಅಗತ್ಯವಿಲ್ಲದಿದ್ದರೆ ತೆಗೆಯಿರಿ, ಅಗತ್ಯವಿದ್ದರೆ ಕೇಳಿ ಇಟ್ಟುಕೊಳ್ಳಿ. ತೆಗೆದ ಫೋಟೋಗಳ ಪ್ರತಿ, ಬರೆದುಕೊಂಡ ಅಡುಗೆ ವಿಧಾನಗಳ ಪ್ರತಿ ಆ ಮನೆಗೆ ಸೇರಲಿ. ಯಾವುದಾದರೂ ಮಾತನ್ನು ಅಳಿಸಿ ಎಂದರೆ ಅವರ ಎದುರೇ ಅಳಿಸಿ, ಬೇರೆ ಕಡೆ ಇಟ್ಟ ಪ್ರತಿಗಳಿಂದಲೂ ಅದೇ ವಾರ ತೆಗೆದು, ತೆಗೆದದ್ದನ್ನು ಅವರಿಗೆ ತಿಳಿಸಿ.